ಜೂನ್ ತಿಂಗಳ ಕೋಲಿನ ನೆರಳು

2004ನೇ ಇಸವಿ, ಜೂನ್ ತಿಂಗಳ ಕೊನೆಯ ಶುಕ್ರವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಸ್ಥಳ, ಕುವೆಂಪುನಗರದಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯ ಆಟದ ಮೈದಾನ. ಹಾಜರಿದ್ದವರು ಮುಖ್ಯೋಪಾಧ್ಯಾಯಿನಿ ಸರೋಜಮ್ಮನವರು, ಕಂಪ್ಯೂಟರ್ ಶಿಕ್ಷಕಿ ಶೋಭಾ, ಹತ್ತನೇ ತರಗತಿಯ ನಾಗವೇಣಿ, ಅವಳ ತಾಯಿ ರತ್ನಮ್ಮ, ಮತ್ತು ವಿಜ್ಞಾನದ ಮೇಷ್ಟ್ರಾದ ನಾನು. ನಡುವೆ ನೆಲಕ್ಕೆ ನೆಟ್ಟ ಒಂದು ಮೀಟರ್ ಉದ್ದದ ಕೋಲು. ಐವರೂ ಕೋಲಿನ ಬುಡವನ್ನೇ ನೋಡುತ್ತಿದ್ದೆವು. ಅಲ್ಲಿ ಏನೂ ಇರಲಿಲ್ಲ. ಮೋಡ ಮುಚ್ಚಿತ್ತು.

“ಮೇಷ್ಟ್ರೇ, ಇದು ಎಷ್ಟೊತ್ತಾಯ್ತದೆ?” ಎಂದರು ರತ್ನಮ್ಮ. “ನಂಗೆ ಎರಡು ಗಂಟೆಗೆ ಶಿಫ್ಟು.”

“ಸೂರ್ಯ ಬರಬೇಕಮ್ಮ.”

“ಅವನಿಗೇನು, ಬಂದ್ರೂ ಆಯ್ತು, ಬರ್ದಿದ್ರೂ ಆಯ್ತು. ಸಂಬ್ಳ ಕಟ್ ಆಗೋದು ನಂದು ಕಣ್ರೀ.”

ಅಂದು ಸಂಜೆ ನಾಲ್ಕು ಗಂಟೆಗೆ ಹತ್ತನೇ ತರಗತಿಯ ‘ಎ’ ಸೆಕ್ಷನ್ ಪಟ್ಟಿ ಆಡಳಿತ ಮಂಡಳಿಗೆ ಹೋಗಬೇಕಿತ್ತು. ನಾಗವೇಣಿಯ ಹೆಸರು ಅದರಲ್ಲಿ ಇರುತ್ತದೆಯೋ ಇಲ್ಲವೋ ಎಂಬುದು, ಆ ಕೋಲಿನ ನೆರಳು ಯಾವ ಕಡೆ ಬೀಳುತ್ತದೆ ಎಂಬುದರ ಮೇಲೆ ನಿಂತಿತ್ತು. ಒಂದು ಮಗುವಿನ ಸೆಕ್ಷನ್ ನೆರಳಿನ ಮೇಲೆ ನಿಲ್ಲುವ ಪರಿಸ್ಥಿತಿ ಹೇಗೆ ಬಂತು ಎಂದು ಕ್ರಮವಾಗಿ ಬರೆಯಲು ಕೂತಿದ್ದೇನೆ. ಕ್ರಮ ಸಿಗುತ್ತಿಲ್ಲ. ಕ್ರಮವೇ ನನ್ನ ಕಸುಬಾಗಿದ್ದುದರಿಂದ ಪ್ರಯತ್ನ ಮಾಡುತ್ತೇನೆ.

ಇದನ್ನು ಬರೆಯುತ್ತಿರುವುದು ವಿಜ್ಞಾನದ ಪಾಠ ಮಾಡಲು ಹೊಸದಾಗಿ ಸೇರುತ್ತಿರುವವರಿಗಾಗಿ. ನಾನು ಯಾವಾಗ ಸೇರಿದೆ, ಯಾವಾಗ ಸೀನಿಯರ್ ಆದೆ ಎಂಬುದೆಲ್ಲ ನಿಮಗೆ ಬೇಕಿಲ್ಲ. ನಾನು ಓದಿದ್ದು ಮಠದ ಹಾಸ್ಟೆಲಿನಲ್ಲಿ ಎಂಬುದಷ್ಟು ತಿಳಿದಿರಲಿ. ಗಂಟೆ ಹೊಡೆದರೆ ಏಳಬೇಕು, ಸ್ನಾನ ಮಾಡಿ ವಿಭೂತಿ ಹಚ್ಚಿ ಪ್ರಾರ್ಥನೆಗೆ ನಿಲ್ಲಬೇಕು. ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ಓದು. ಆ ಗಂಟೆ ನನ್ನ ತಲೆಯಿಂದ ಇಳಿಯಲೇ ಇಲ್ಲ. ಮೇಷ್ಟ್ರಾದ ಮೇಲೆ ಅದನ್ನೇ ಮಕ್ಕಳ ಮೇಲೆ ಹೊಡೆದೆ. ಹೋಮ್‌ವರ್ಕ್ ಸೋಮವಾರ ಕೊಡುವುದು, ಗುರುವಾರ ಪಡೆಯುವುದು, ಶುಕ್ರವಾರ ತಿದ್ದಿ ಹಿಂದಿರುಗಿಸುವುದು. ಗುರುವಾರ ಸಂಜೆ ಪುಸ್ತಕದ ಕಟ್ಟನ್ನು ಸ್ಕೂಟರಿನ ಹಿಂದೆ ಬಿಗಿದುಕೊಂಡು ವಿದ್ಯಾರಣ್ಯಪುರಂನ ಮನೆಗೆ ಹೋಗುತ್ತಿದ್ದೆ. ನನ್ನ ಹೆಂಡತಿ ಅದಕ್ಕೆ ‘ಗುರುವಾರದ ನೆಂಟರು’ ಎಂದು ಹೆಸರಿಟ್ಟಿದ್ದಳು.

ಭೂಮಿ ಮತ್ತು ಆಕಾಶದ ಪಾಠಗಳಿಗೆ ಹೋಮ್‌ವರ್ಕ್ ಕೊಡುವುದು ಬೇರೆಲ್ಲದಕ್ಕಿಂತ ಕಷ್ಟ. ಆಮ್ಲ, ಕ್ಷಾರವಾದರೆ ಪ್ರಯೋಗಾಲಯದ ಬೀರುವಿನಲ್ಲಿರುತ್ತದೆ. ಬೀಗ ತೆಗೆದು ಕೊಡಬಹುದು. ಚಂದ್ರನಿಗೆ ಬೀಗವಿಲ್ಲ, ವೇಳಾಪಟ್ಟಿಯೂ ಇಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಒಮ್ಮೆ, ತಿಂಗಳು ಪೂರ್ತಿ ರಾತ್ರಿ ಚಂದ್ರನನ್ನು ನೋಡಿ ಚಿತ್ರ ಬರೆದು ತನ್ನಿ ಎಂದು ಒಂಬತ್ತನೇ ತರಗತಿಗೆ ಹೇಳಿದೆ. ತಿಂಗಳು ಮುಗಿದ ಗುರುವಾರ ಎಲ್ಲರೂ ತಂದರು. ಇಷ್ಟು ಅಚ್ಚುಕಟ್ಟಾದ ಹೋಮ್‌ವರ್ಕನ್ನು ನಾನು ಕಂಡೇ ಇರಲಿಲ್ಲ. ಸಂತೋಷದಿಂದ ತಿದ್ದುತ್ತಾ ಹೋದವನಿಗೆ ಹುಣ್ಣಿಮೆಯ ದಿನಕ್ಕೆ ಬಂದಾಗ ಅನುಮಾನ ಬಂತು. ಆ ರಾತ್ರಿ ಇಡೀ ಊರಿಗೆ ಜೋರು ಮಳೆ. ನಾನೇ ನೆನೆದುಕೊಂಡು ಮನೆಗೆ ಹೋಗಿದ್ದೆ.

ಮಾರನೆಯ ದಿನ ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿದೆ. “ಅವತ್ತು ಮಳೆ ಇತ್ತಲ್ಲೋ? ಚಂದ್ರನ್ನ ಎಲ್ಲಿ ನೋಡ್ದೆ?”

“ಕ್ಯಾಲೆಂಡರಲ್ಲಿ ಸಾರ್.”

“ಕ್ಯಾಲೆಂಡರಲ್ಲಿ?”

“ಗೋಡೆ ಕ್ಯಾಲೆಂಡರಲ್ಲಿ ದಿನಾ ತಿಥಿ ಹಾಕಿರ್ತಾರಲ್ಲ ಸಾರ್. ಒಂದೇ ದಿನ ಕೂತ್ಕೊಂಡು ಬರೆದ್ಬುಟ್ಟೆ.”

ಇಡೀ ತರಗತಿ ಹಾಗೇ ಮಾಡಿತ್ತು. ಚಿತ್ರಗಳೆಲ್ಲ ಸರಿಯಾಗಿದ್ದವು, ನೋಡಿದವರು ಯಾರೂ ಇಲ್ಲ. ಇದಕ್ಕೆ ಅಂಕ ಕೊಡಬೇಕೋ ಬೇಡವೋ ಎಂದು ನನಗೆ ಆ ದಿನ ತಿಳಿಯಲಿಲ್ಲ. ಕೊಟ್ಟೆ. ಆದರೆ ಆಮೇಲೆ ಒಂದು ನಿಯಮ ಮಾಡಿ ಪ್ರತಿ ವರ್ಷ ಮೊದಲ ದಿನವೇ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡಲು ಶುರುಮಾಡಿದೆ: ‘ನೋಡಿದ್ದನ್ನು ಬರೆಯಿರಿ. ಮೋಡವಿದ್ದರೆ ಮೋಡ ಎಂದು ಬರೆಯಿರಿ.’

ಆ ನಿಯಮಕ್ಕೂ ಏಟು ಬೀಳದೆ ಇರಲಿಲ್ಲ. ಒಂದು ವರ್ಷ ದೀಪಾವಳಿಯ ಹೊತ್ತಿಗೇ ಸೂರ್ಯಗ್ರಹಣ ಬಂತು. ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಬೆಳಕನ್ನು ಗೋಡೆಯ ಮೇಲೆ ಬೀಳಿಸಿ, ಆಕಾರ ಬರೆದು ತನ್ನಿ ಎಂದೆ. ರಜೆ ಮುಗಿದ ಮೇಲೆ ತಂದ ಪುಸ್ತಕಗಳಲ್ಲಿ ಅರ್ಧದಷ್ಟರಲ್ಲಿ ಒಂದೇ ಸಾಲು: ‘ಅಜ್ಜಿ ಬಾಗಿಲು ಹಾಕಿದ್ದರು. ನೋಡಿದ್ದು ಬಾಗಿಲು.’ ನಿಯಮದ ಪ್ರಕಾರ ಅದಕ್ಕೆ ಪೂರ್ತಿ ಅಂಕ ಕೊಡಬೇಕಾಯಿತು.

ಕೋಲಿನ ಪಾಠ ನನ್ನದು ಪ್ರಸಿದ್ಧ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿರುತ್ತದೆ. ಪ್ರತಿ ವರ್ಷ ಅದೇ ವಾರದಲ್ಲಿ ಮೈದಾನದ ಮಧ್ಯೆ ಕೋಲು ನೆಡುತ್ತಿದ್ದೆ. ಹನ್ನೆರಡು ಗಂಟೆಗೆ ಅಲ್ಲ. ಮೈಸೂರಿನಲ್ಲಿ ನಿಜವಾದ ನಡುಹಗಲು ಗಡಿಯಾರ ಹನ್ನೆರಡು ಹೊಡೆದು ಇಪ್ಪತ್ತು ಇಪ್ಪತ್ತೈದು ನಿಮಿಷ ಆದ ಮೇಲೆ. ಆಗ ನೆರಳು ಅತ್ಯಂತ ಗಿಡ್ಡವಾಗಿ ನೀರಿನ ತೊಟ್ಟಿಯ ಕಡೆಗೆ ಒಂದೂವರೆ ಮೊಳ ಬೀಳುತ್ತಿತ್ತು. ತೊಟ್ಟಿ ಇದ್ದದ್ದು ಉತ್ತರ ದಿಕ್ಕಿಗೆ. “ನಾವು ಭೂಮಧ್ಯರೇಖೆಯ ಮೇಲ್ಭಾಗದಲ್ಲಿದ್ದೇವೆ. ಆದ್ದರಿಂದ ನಡುಹಗಲ ನೆರಳು ಉತ್ತರ ದಿಕ್ಕಿಗೆ,” ಎನ್ನುತ್ತಿದ್ದೆ. ಪುಸ್ತಕದಲ್ಲೂ ಹಾಗೇ ಇತ್ತು. ಪುಸ್ತಕ, ಕೋಲು, ಮೇಷ್ಟ್ರು ಮೂವರೂ ಒಂದೇ ಮಾತು. ಇಪ್ಪತ್ತು ವರ್ಷಕ್ಕೂ ಮೀರಿ ಹೀಗೇ ನಡೆಯಿತು.

ಆಮೇಲೆ ಕಂಪ್ಯೂಟರ್ ಬಂತು.

ಸರೋಜಮ್ಮನವರ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವರು ಕೂಗಾಡುವವರಲ್ಲ. ಹೇಳಬೇಕಾದ್ದನ್ನು ಒಂದು ಸಲ ಹೇಳಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಲು ಶುರುಮಾಡುತ್ತಿದ್ದರು. ಒರೆಸಿ ಮುಗಿಯುವಷ್ಟರಲ್ಲಿ ನಾವು ಒಪ್ಪಿರಬೇಕು. ಹಾಗೆ ಕನ್ನಡಕ ಒರೆಸುತ್ತಾ ಒಂದು ದಿನ ಅಂದರು: “ಮೇಷ್ಟ್ರೇ, ಇನ್ನು ಮುಂದೆ ಭೂಮಿ, ಆಕಾಶದ ಹೋಮ್‌ವರ್ಕ್ ಇಂಟರ್ನೆಟ್ಟಲ್ಲಿ. ಒಂದು ಕಂಪನಿಯವರು ಒಂದು ವರ್ಷ ಪುಕ್ಕಟೆ ಕೊಡ್ತಾರಂತೆ. ತಿದ್ದೋದೂ ಅದೇ.”

“ನಾನು ಏನು ಮಾಡಬೇಕು ಮೇಡಂ?”

“ಅದನ್ನ ಶೋಭಾ ಹೇಳ್ತಾರೆ.”

ಶೋಭಾಗೆ ಆಗ ಇಪ್ಪತ್ತೈದು ಇರಬಹುದು. ಮಾತು ಪಟಪಟ. ಹತ್ತು ಕಂಪ್ಯೂಟರಿನ ಲ್ಯಾಬಿಗೆ ಅವಳೇ ಯಜಮಾನಿ. ಪ್ರತಿ ಮಗುವಿಗೂ ಒಂದು ಗುಟ್ಟಿನ ಪಾಸ್‌ವರ್ಡ್ ಬೇಕು ಎಂದಳು. ಅಷ್ಟು ಗುಟ್ಟುಗಳನ್ನು ಇಟ್ಟುಕೊಳ್ಳುವುದು ಅಶಿಸ್ತು ಎನಿಸಿ, ಎಲ್ಲರಿಗೂ ಅವರವರ ಹಾಜರಿ ನಂಬರನ್ನೇ ಪಾಸ್‌ವರ್ಡ್ ಮಾಡಿ ಹಲಗೆಯ ಮೇಲೆ ಬರೆಸಿದೆ. ಎರಡನೆಯ ದಿನವೇ ಹದಿನೇಳನೇ ನಂಬರಿನ ಹುಡುಗ ಹದಿನೆಂಟನೇ ನಂಬರಿನ ಹುಡುಗಿಯ ಅಭ್ಯಾಸ ಮಾಡಿ ಮುಗಿಸಿದ್ದ.

“ಯಾಕೋ ಹಂಗೆ ಮಾಡ್ದೆ?”

“ಅವಳದ್ದು ಸುಲಭ ಇತ್ತು ಸಾರ್.”

ಶೋಭಾ ತಲೆ ಚಚ್ಚಿಕೊಂಡು ಎಲ್ಲವನ್ನೂ ಬದಲಿಸಿದಳು. ನನಗೆ ಇನ್ನೂ ಹಲವು ಸಂಗತಿಗಳು ಅರ್ಥವಾಗಲಿಲ್ಲ. ಹೋಮ್‌ವರ್ಕ್ ಯಾವಾಗ ಬೇಕಾದರೂ ಮಾಡಬಹುದಂತೆ. ಗುರುವಾರ ಎಂಬುದೇ ಇಲ್ಲ. “ಯಾವಾಗ ಬೇಕಾದರೂ ಮಾಡಬಹುದಾದ ಕೆಲಸವನ್ನ ಯಾರು ಮಾಡ್ತಾರಮ್ಮ?” ಎಂದು ಕೇಳಿದೆ. “ಮಾಡ್ತಾರೆ ನೋಡ್ತಿರಿ ಸಾರ್,” ಎಂದಳು. ಮಾಡಿದರು. ನನ್ನ ಕಣ್ಣೆದುರು ಯಾವ ಪುಸ್ತಕವೂ ಬರುತ್ತಿರಲಿಲ್ಲ, ನನ್ನ ಕೆಂಪು ಪೆನ್ನು ಜೇಬಿನಲ್ಲಿ ಒಣಗುತ್ತಿತ್ತು. ಹೆಂಡತಿ “ಗುರುವಾರದ ನೆಂಟರು ಬರೋದೇ ನಿಂತುಹೋಯ್ತಲ್ಲ,” ಎಂದಳು. ಸರಿಯಾದರೆ ಪರದೆಯ ಮೇಲೆ ಹಸಿರು ಪಟ್ಟಿ, ತಪ್ಪಾದರೆ ಕೆಂಪು. ಯಾಕೆ ತಪ್ಪು ಎಂದು ಅದು ಹೇಳುತ್ತಿರಲಿಲ್ಲ. ನಾನು ಕೆಂಪು ಹಾಕಿದರೆ ಪಕ್ಕದಲ್ಲಿ ಒಂದು ಸಾಲಾದರೂ ಬೈಗುಳ ಬರೆಯುತ್ತಿದ್ದೆ.

2004ರ ಜೂನ್‌ನಲ್ಲಿ ಶಾಲೆ ಮತ್ತೆ ತೆರೆದಾಗ ಹೊಸ ಏರ್ಪಾಟಾಯಿತು. ಹತ್ತನೇ ತರಗತಿಯವರಿಗೆ ಆಕಾಶದ ಪಾಠದ ಹತ್ತು ಅಭ್ಯಾಸಗಳು ಜೂನ್‌ನಲ್ಲೇ. ಹತ್ತರಲ್ಲಿ ಎಂಟು ಹಸಿರು ಬಂದವರು ‘ಎ’ ಸೆಕ್ಷನ್‌ಗೆ. ಬೆಳಗಿನ ಹೊತ್ತು ಗಣಿತ, ವಿಜ್ಞಾನದ ವಿಶೇಷ ತರಗತಿ ಇದ್ದದ್ದು ಆ ಸೆಕ್ಷನ್‌ಗೆ ಮಾತ್ರ. ಕುವೆಂಪುನಗರದ ಮಕ್ಕಳು ‘ಬಿ’ಗೆ ಹೋದರೂ ಅಪ್ಪನ ಸ್ಕೂಟರಿನಲ್ಲಿ ಟ್ಯೂಷನ್‌ಗೆ ಹೋಗುತ್ತಿದ್ದರು. ಕೆಸರೆಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದ ನಾಗವೇಣಿಗೆ ಆ ಬೆಳಗಿನ ತರಗತಿ ಬಿಟ್ಟರೆ ಬೇರೆ ಟ್ಯೂಷನ್ ಇರಲಿಲ್ಲ. ತಾಯಿ ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದರು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಬೀದಿ ತುದಿಯ ಸೈಬರ್ ಸೆಂಟರಿನಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಳು.

ಅವಳು ಸಿಕ್ಕಿಬಿದ್ದದ್ದು ಮೂರನೆಯ ಅಭ್ಯಾಸದಲ್ಲಿ. ‘ಈ ವಾರ ನಿಮ್ಮ ಊರಿನಲ್ಲಿ ನಡುಹಗಲ ನೆರಳು ಯಾವ ದಿಕ್ಕಿಗೆ ಬೀಳುತ್ತದೆ? ಕೋಲು ನೆಟ್ಟು ನೋಡಿ’ ಎಂಬುದು ಅದರ ತಾತ್ಪರ್ಯ. ಇದನ್ನು ಎಷ್ಟು ಸಲ ಬೇಕಾದರೂ ಒತ್ತಬಹುದಿತ್ತು, ಆದರೆ ಇದು ಹಸಿರಾಗದೆ ಮುಂದಿನವು ತೆರೆಯುತ್ತಿರಲಿಲ್ಲ; ಆ ಮುಂದಿನವುಗಳಿಗೆ ಒಂದೇ ಅವಕಾಶ. ಎಲ್ಲರೂ ಪುಸ್ತಕ ನೆನೆಸಿಕೊಂಡು ಉತ್ತರ ದಿಕ್ಕನ್ನು ಒತ್ತಿ ಮುಂದೆ ಹೋದರು. ಇವಳು ತಾರಸಿಯ ಮೇಲೆ ಪೊರಕೆ ಕಡ್ಡಿ ನಿಲ್ಲಿಸಿ ನೋಡಿ, ದಕ್ಷಿಣ ಒತ್ತಿದಳು. ಕೆಂಪು. ಮತ್ತೆ ನೋಡಿದಳು, ಮತ್ತೆ ದಕ್ಷಿಣ. ಮತ್ತೆ ಕೆಂಪು.

ಸೋಮವಾರ ನನ್ನ ಬಳಿ ಬಂದು ಹೇಳಿದಾಗ, “ಕಂಪಾಸ್ ಉಲ್ಟಾ ಹಿಡಿದಿದೀಯ,” ಎಂದೆ.

“ಕಂಪಾಸೇ ಇಲ್ಲ ಸಾರ್. ನೆರಳು ಚಾಮುಂಡಿಬೆಟ್ಟದ ಕಡೆ ಬೀಳ್ತದೆ. ನಮ್ಮನೆಯಿಂದ ಬೆಟ್ಟ ದಕ್ಷಿಣಕ್ಕೇ ಅಲ್ವಾ ಸಾರ್?”

ಕೆಸರೆಯಿಂದ ಬೆಟ್ಟ ದಕ್ಷಿಣಕ್ಕೇ. ಬೆಟ್ಟ ಜಾಗ ಬಿಟ್ಟು ಹೋಗುವಂಥದ್ದಲ್ಲ. ನಾನು ಪುಸ್ತಕ ತೆರೆದೆ. ಅದೂ ಜಾಗ ಬಿಟ್ಟಿರಲಿಲ್ಲ. ನಾನೇ ಕೋಲು ನೆಟ್ಟು ನೋಡೋಣವೆಂದರೆ ಮಾರನೆಯ ದಿನದಿಂದ ಆಕಾಶವೆಲ್ಲ ಮೋಡ. ಅವಳಿಗೆ ಉತ್ತರ ದಿಕ್ಕನ್ನು ಒತ್ತು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹಲಗೆಯ ಮೂಲೆಯಲ್ಲಿ ನನ್ನ ನಿಯಮ ನನ್ನದೇ ಕೈಬರಹದಲ್ಲಿತ್ತು. ಪಾಠ ಮಾಡುವಾಗ ಆ ಕಡೆ ನೋಡುವುದನ್ನು ಬಿಟ್ಟೆ.

ಗುರುವಾರದ ಹೊತ್ತಿಗೆ ಉಳಿದವರೆಲ್ಲ ಹತ್ತೂ ಮುಗಿಸಿದ್ದರು. ಶುಕ್ರವಾರ ಬೆಳಿಗ್ಗೆ ರತ್ನಮ್ಮ ಮಗಳ ಕೈ ಹಿಡಿದು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಬಂದರು. ಸರೋಜಮ್ಮನವರು ನನ್ನನ್ನೂ ಶೋಭಾಳನ್ನೂ ಕರೆಸಿದರು.

“ನೀವಾದ್ರೂ ಒಂದ್ಮಾತು ಹೇಳಿ ಮೇಡಂ,” ರತ್ನಮ್ಮ ಅಂದರು. “ಅದಕ್ಕೆ ಏನ್ ಬೇಕೋ ಅದನ್ನ ಒತ್ಬುಡೇ ಅಂದ್ರೆ ಕೇಳಕ್ಕಿಲ್ಲ. ಜೊತೇಲಿರೋ ಮಕ್ಳೆಲ್ಲ ಒತ್ತಿ ಮುಂದಕ್ಕೆ ಹೋದ್ವು. ಇವಳೊಬ್ಳಿಗೇ ನೆರಳು ಬೇರೆ ಕಡೆ ಬೀಳ್ತದಂತೆ!”

“ಎಲ್ರಿಗೂ ಅಲ್ಲೇ ಬೀಳ್ತದೆ ಕಣಮ್ಮ,” ನಾಗವೇಣಿ ತಲೆ ತಗ್ಗಿಸಿಕೊಂಡೇ ಅಂದಳು. “ಅವ್ರು ನೋಡಿಲ್ಲ ಅಷ್ಟೇ.”

“ನೋಡಿ, ಹಿಂಗೇ ಎದುರು ಮಾತು!”

ಸರೋಜಮ್ಮನವರು ಕನ್ನಡಕ ತೆಗೆದರು. “ಮೇಷ್ಟ್ರೇ, ಯಾವ ಕಡೆ ಬೀಳುತ್ತೆ?”

“ಪುಸ್ತಕದ ಪ್ರಕಾರ...”

“ಪುಸ್ತಕ ನನ್ನ ಹತ್ರಾನೂ ಇದೆ. ಕೋಲು ನೆಡಿ.”

ಹೀಗೆ ನಾವು ಐವರು ಮೈದಾನಕ್ಕೆ ಬಂದೆವು. ಹನ್ನೆರಡು ದಾಟಿತು. ಮೋಡ ಬೆಟ್ಟದ ಕಡೆಗೆ ಒಂದೇ ಸಮನೆ ಸಾಗುತ್ತಿತ್ತು. ಶೋಭಾ “ಗ್ರಹಣಕ್ಕೆ ಕಾದ ಹಾಗಾಯ್ತು ಸಾರ್,” ಎಂದಳು. ಊಟದ ಗಂಟೆ ಹೊಡೆಯಿತು. ಮಕ್ಕಳು ಡಬ್ಬಿ ಹಿಡಿದು ಹೊರಗೆ ಬಂದವರು, ಹೆಡ್‌ಮೇಡಂ ಒಂದು ಕೋಲಿನ ಮುಂದೆ ಕೈಕಟ್ಟಿ ನಿಂತಿರುವುದನ್ನು ಕಂಡು ಡಬ್ಬಿ ಸಮೇತ ಸುತ್ತ ಸೇರಿದರು. ಆಗ ಮೋಡ ಸರಿಯಿತು.

ನೆರಳು ಬಿತ್ತು. ಒಂದು ಗೇಣು ಉದ್ದ. ನೀರಿನ ತೊಟ್ಟಿಯ ಕಡೆಗಲ್ಲ, ಅದಕ್ಕೆ ಸರಿಯಾಗಿ ಎದುರು, ಸೈಕಲ್ ಸ್ಟ್ಯಾಂಡಿನ ಕಡೆಗೆ.

ನಾನು ಜೇಬಿನಿಂದ ಕಂಪಾಸ್ ತೆಗೆದು ನೆಲದ ಮೇಲಿಟ್ಟೆ. ಸೈಕಲ್ ಸ್ಟ್ಯಾಂಡ್ ದಕ್ಷಿಣಕ್ಕೇ ಇತ್ತು. ಕಂಪಾಸನ್ನು ತಟ್ಟಿ ಮತ್ತೆ ಇಟ್ಟೆ. ಅಲ್ಲೇ ಇತ್ತು.

“ಡಿಸೆಂಬರಲ್ಲಿ ತೊಟ್ಟಿ ಕಡೆ ಬೀಳ್ತಿತ್ತಲ್ಲ ಮೇಷ್ಟ್ರೇ? ನಾನೇ ನೋಡಿದೀನಿ,” ಸರೋಜಮ್ಮನವರು ಅಂದರು.

“ಹೌದು ಮೇಡಂ.”

“ಈಗ?”

“ಈಗ ಸೈಕಲ್ ಸ್ಟ್ಯಾಂಡ್ ಕಡೆ.”

“ಕಾಣ್ತಾ ಇದೆ. ಯಾಕೆ?”

ಸೂರ್ಯನನ್ನು ಓರೆಗಣ್ಣಿನಲ್ಲಿ ನೋಡಲು ಹೋಗಿ ಕಣ್ಣಲ್ಲಿ ನೀರು ಬಂತು. ಅವನು ನೆತ್ತಿಗಿಂತ ಸ್ವಲ್ಪ ತೊಟ್ಟಿಯ ಕಡೆಗೇ ಇದ್ದ. ಆಗ ಹೊಳೆಯಿತು. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ಕೆಳಗಿರುವ ಊರುಗಳಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಎಂದು ನಾನೇ ಪಾಠ ಮಾಡುತ್ತಿದ್ದೆ. ಮೈಸೂರಿನಲ್ಲಿ ಒಂದು ಸಲ ಏಪ್ರಿಲ್ ಕೊನೆಯ ಹೊತ್ತಿಗೆ, ಇನ್ನೊಂದು ಸಲ ಆಗಸ್ಟಿನಲ್ಲಿ. ಆ ಎರಡರ ನಡುವೆ ಅವನು ನಮ್ಮನ್ನು ದಾಟಿ ಉತ್ತರ ದಿಕ್ಕಿಗೆ ಹೋಗಿರಲೇಬೇಕು. ನೆರಳು ದಕ್ಷಿಣಕ್ಕೆ ಬೀಳಲೇಬೇಕು. ಎರಡು ಪಾಠವೂ ನನಗೆ ಬಾಯಿಪಾಠ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ. ನೋಡುವ ಸಂದರ್ಭವೂ ಬಂದಿರಲಿಲ್ಲ. ನನ್ನ ವೇಳಾಪಟ್ಟಿಯಲ್ಲಿ ಕೋಲಿಗೆ ಗೊತ್ತಾಗಿದ್ದ ತಿಂಗಳು ಡಿಸೆಂಬರ್.

ಇದನ್ನು ವಿವರಿಸಿದೆ. ರತ್ನಮ್ಮ ಮಾತ್ರ ಪೂರ್ತಿ ಕೇಳಿದರು. “ಅಂದ್ರೆ ನನ್ ಮಗಳು ಹೇಳಿದ್ದೇ ಸರಿನಾ?”

“ಸರಿ.”

“ಹಂಗಾದ್ರೆ ಕಂಪ್ಯೂಟರ್ ತಪ್ಪು.”

“ತಪ್ಪಿರಲಾರದು,” ಎಂದಳು ಶೋಭಾ, ಸ್ವಲ್ಪ ನೊಂದುಕೊಂಡು. “ಒಂದ್ನಿಮಿಷ ಬನ್ನಿ ಸಾರ್.”

ಲ್ಯಾಬಿನಲ್ಲಿ ಅವಳು ಯಾವುದೋ ಪುಟದ ಒಳಗಿನ ಇನ್ನೊಂದು ಪುಟ ತೆರೆದಳು. ಅಲ್ಲಿ ಶಾಲೆಯ ಹೆಸರಿನ ಕೆಳಗೆ ‘ನಿಮ್ಮ ಊರು’ ಎಂದಿತ್ತು. ಎದುರಿಗೆ ದೆಹಲಿ ಎಂದಿತ್ತು.

ನನಗೆ ಅರ್ಥವಾಗಲಿಲ್ಲ. “ದೆಹಲಿ ಯಾಕಮ್ಮ?”

“ಮೈಸೂರು ಪಟ್ಟಿಲೇ ಇರ್ಲಿಲ್ಲ ಸಾರ್. ನಮ್ಮ ದೇಶದ್ದು ಅಂತ ಇದ್ದಿದ್ದು ನಾಲ್ಕೇ. ದೆಹಲಿ, ಮುಂಬೈ, ಕಲ್ಕತ್ತ, ಚೆನ್ನೈ.”

“ಚೆನ್ನೈ ನಮಗೆ ಸರಿಸಮ ಅಲ್ವೇನಮ್ಮ! ಅಡ್ಡಗೆರೆ ಎಳೆದರೆ ಹೆಚ್ಚುಕಮ್ಮಿ ಒಂದೇ ಗೆರೆ. ಅದನ್ನ ಹಾಕಬಾರದಿತ್ತಾ?”

ಶೋಭಾ ಸರೋಜಮ್ಮನವರ ಮುಖ ನೋಡಿದಳು. ಸರೋಜಮ್ಮನವರು ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ.

“ನಾನೇ ಬೇಡ ಅಂದೆ ಮೇಷ್ಟ್ರೇ. ಊರಿನ ಹೆಸರು ಮಕ್ಕಳ ಪುಟದ ಮೇಲೆಲ್ಲ ದಪ್ಪ ಅಕ್ಷರದಲ್ಲಿ ಬರುತ್ತೆ. ಕಾವೇರಿ ಗಲಾಟೆ ಇನ್ನೂ ಜನರ ಬಾಯಲ್ಲಿತ್ತು. ಮೈಸೂರಿನ ಸ್ಕೂಲು, ಮೇಲೆ ಚೆನ್ನೈ ಅಂತ ಬರೆದಿದ್ರೆ ಪೇರೆಂಟ್ಸ್ ಏನಂತಾರೆ? ದೆಹಲಿ ಅಂದ್ರೆ ಯಾರ ತಕರಾರೂ ಇಲ್ಲ ಅಂತ ದೆಹಲಿ ಹಾಕಿಸ್ದೆ.”

ದೆಹಲಿ ಆ ವೃತ್ತಕ್ಕಿಂತ ಮೇಲಿದೆ. ಅಲ್ಲಿ ಸೂರ್ಯ ಎಂದೂ ನೆತ್ತಿ ದಾಟುವುದಿಲ್ಲ. ನಡುಹಗಲ ನೆರಳು ವರ್ಷವಿಡೀ ಉತ್ತರ ದಿಕ್ಕಿಗೇ. ಅಂದರೆ ಯಂತ್ರ ದೆಹಲಿಗೆ ಸರಿಯಾಗಿತ್ತು, ನಾಗವೇಣಿ ಮೈಸೂರಿಗೆ ಸರಿಯಾಗಿದ್ದಳು, ಪುಸ್ತಕ ಯಾವ ಊರಿಗೂ ಸೇರದೆ ಸರಿಯಾಗಿತ್ತು.

“ಚೆನ್ನೈ ಹಾಕಿ,” ಎಂದರು ಸರೋಜಮ್ಮನವರು. “ಯಾರಾದ್ರೂ ಕೇಳಿದ್ರೆ ನಾನು ಮಾತಾಡ್ತೀನಿ.”

ಶೋಭಾ ಬದಲಿಸಿದಳು. ಬದಲಿಸಿದ ಕೂಡಲೇ ಊರಿಗೆ ಸಂಬಂಧಪಟ್ಟ ಎರಡು ಅಭ್ಯಾಸಗಳು, ನೆರಳಿನದು ಮತ್ತು ಕೊನೆಯ ಸೂರ್ಯೋದಯದ್ದು, ಎಲ್ಲ ಮಕ್ಕಳಿಗೂ ಮತ್ತೆ ತೆರೆದುಕೊಂಡವು. ಊಟ ಮುಗಿಸಿದ ಹತ್ತನೇ ತರಗತಿಯ ಮಕ್ಕಳಲ್ಲಿ ಮೊದಲ ಹತ್ತು ಜನರನ್ನು ಕೂರಿಸಿದೆವು. ಎಲ್ಲರೂ ಈಗತಾನೇ ಕೋಲಿನ ಸುತ್ತ ನಿಂತಿದ್ದವರೇ. ಒಂಬತ್ತು ಜನಕ್ಕೆ ಕೆಂಪು ಬಂತು.

“ಕಣ್ಣಾರೆ ನೋಡಿದ್ರಲ್ರೋ!”

“ನೋಡಿದ್ವಿ ಸಾರ್,” ಎಂದ ಒಬ್ಬ. “ಆದ್ರೆ ಹೋದ್ಸಲ ಉತ್ತರ ದಿಕ್ಕಿಗೇ ಮಾರ್ಕ್ಸ್ ಬಂದಿತ್ತಲ್ಲ ಸಾರ್.”

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವರಿಗೆ ಹೇಗೂ ಬೇರೆ ಎಂಟು ಹಸಿರು ಇದ್ದುದರಿಂದ, ಉಳಿದವರು ಸೋಮವಾರ ಮಾಡಲಿ ಎಂದು ಸರೋಜಮ್ಮನವರು ಎಲ್ಲರನ್ನೂ ಎಬ್ಬಿಸಿದರು. ನಾಗವೇಣಿ ಒಬ್ಬಳನ್ನು ಕೂರಿಸಿದರು. ಮೂರನೆಯದನ್ನು ಒತ್ತಿದಳು. ಹಸಿರು. ನಾಲ್ಕನೆಯದು ತೆರೆಯಿತು. ಆಗ ಗಂಟೆ ಎರಡಾಗುತ್ತಿತ್ತು. ಬೇರೆಯವರು ವಾರವಿಡೀ ಮಾಡಿದ್ದನ್ನು ಅವಳು ನಾಲ್ಕರೊಳಗೆ ಮಾಡಬೇಕು.

ಇಲ್ಲಿ ಒಂದು ವಿಷಯ ಈಗಿನವರಿಗೆ ಬಿಡಿಸಿ ಹೇಳಬೇಕು. ಶಾಲೆಗೆ ಇದ್ದದ್ದು ಒಂದೇ ಟೆಲಿಫೋನ್ ಲೈನು. ಇಂಟರ್ನೆಟ್ಟೂ ಅದರಲ್ಲೇ ಬರುತ್ತಿತ್ತು. ಆಫೀಸಿನಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಲ್ಯಾಬಿನಲ್ಲಿ ಸಂಪರ್ಕ ಕಡಿಯುತ್ತಿತ್ತು. ಮಾಡುತ್ತಿದ್ದ ಅಭ್ಯಾಸ ಮೊದಲಿನಿಂದ. ಅಂದು ಎರಡು ಸಲ ಹಾಗೆ ಕಡಿದುಹೋಗಿ, ಅವಸರದಲ್ಲಿ ನಾಗವೇಣಿಗೆ ಎರಡು ಕೆಂಪು ಬಂದವು. ಇನ್ನು ಕೆಂಪಿಗೆ ಜಾಗವಿರಲಿಲ್ಲ. ಶೋಭಾ ಲ್ಯಾಬಿನಿಂದಲೇ ಕೂಗಿದಳು: “ಸಾರ್, ನೀವು ಆಫೀಸಲ್ಲಿ ಫೋನ್ ಮುಂದೆ ಕೂತ್ಕೊಳ್ಳಿ! ಯಾರಿಗೂ ಮುಟ್ಟಕ್ಕೆ ಬಿಡ್ಬೇಡಿ!”

ನನಗೆ ಆ ದಿನ ಪೂರ್ತಿಯಾಗಿ ಅರ್ಥವಾದ ಕೆಲಸ ಅದೊಂದೇ. ಕುರ್ಚಿ ಎಳೆದುಕೊಂಡು ಫೋನಿನ ಮುಂದೆ ಕೂತೆ.

ಮೊದಲು ಬಂದವರು ರತ್ನಮ್ಮ. “ಮೇಷ್ಟ್ರೇ, ಕಾರ್ಖಾನೆಗೆ ಒಂದ್ ಫೋನ್ ಮಾಡ್ಬೇಕು. ಶಿಫ್ಟಿಗೆ ಬರಕ್ಕಾಗಲ್ಲ ಅನ್ನಬೇಕು. ಹೇಳ್ದೆ ತಪ್ಪಿಸ್ಕೊಂಡ್ರೆ ಸೂಪ್ರವೈಜರ್ ನಾಳೆ ಒಳಗೆ ಸೇರ್ಸಕ್ಕಿಲ್ಲ.”

“ಎತ್ತಿದರೆ ನಿಮ್ಮ ಮಗಳ ಲೈನು ಕಡಿಯುತ್ತಮ್ಮ.”

“ಇಲ್ಲಿ ಎತ್ತಿದ್ರೆ ಅಲ್ಲಿ ಯಾಕೆ ಕಡೀತದೆ?”

“ನನಗೂ ಗೊತ್ತಿಲ್ಲ. ಕಡಿಯುತ್ತೆ.”

ರತ್ನಮ್ಮ ಫೋನನ್ನು ನೋಡಿದರು, ಲ್ಯಾಬಿನ ಬಾಗಿಲನ್ನು ನೋಡಿದರು. ಆಮೇಲೆ ನನ್ನ ಎದುರಿಗೆ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಗುಮಾಸ್ತರು ಬಂದು ಅಭ್ಯಾಸಬಲದಿಂದ ಫೋನಿಗೆ ಕೈ ಹಾಕಿದರು. ನಾನು ಬಾಯಿ ತೆರೆಯುವ ಮೊದಲೇ ರತ್ನಮ್ಮ ಅವರ ಕೈಯನ್ನು ಪಟಾರನೆ ತಳ್ಳಿದರು. “ಮುಟ್ಬೇಡಿ ಅಂತ ಹೇಳಿದ್ದಾರೆ ಕಣ್ರೀ!”

ಮೂರೂ ಮುಕ್ಕಾಲಿಗೆ ನಾಗವೇಣಿ ಓಡುತ್ತಾ ಬಂದಳು.

“ಏಳು ಹಸಿರಾಯ್ತು ಸಾರ್. ಕೊನೇದೊಂದು ಇದೆ. ನಿಮ್ಮೂರಲ್ಲಿ ಈ ವಾರ ಸೂರ್ಯ ಎಷ್ಟೊತ್ತಿಗೆ ಹುಟ್ಟಿದ ಅಂತ. ಸೋಮವಾರ ತಾರಸಿ ಮೇಲಿಂದ ನೋಡಿದೀನಿ, ಆರು ಗಂಟೆ. ಆದ್ರೆ ಈಗ ನಮ್ಮೂರು ಚೆನ್ನೈ ಅಲ್ವಾ ಸಾರ್? ಅಲ್ಲಿ ಕಾಲು ಗಂಟೆ ಮುಂಚೇನೇ ಹುಟ್ಟಿರ್ತಾನೆ.”

ಚೆನ್ನೈ ನಮಗೆ ಪೂರ್ವಕ್ಕಿದೆ. ಅವಳು ಹೇಳಿದ್ದು ಸರಿ.

“ನಾನು ನೋಡಿದ್ದು ಒತ್ಲಾ ಸಾರ್, ಇಲ್ಲಾ ಅವ್ರೂರಿನ ಟೈಮಾ?”

ಇದು ಕೆಂಪಾದರೆ ‘ಬಿ’ ಸೆಕ್ಷನ್. ರತ್ನಮ್ಮ ನನ್ನನ್ನೇ ನೋಡುತ್ತಿದ್ದರು. ವರ್ಷ ವರ್ಷವೂ ಹಲಗೆಯ ಮೇಲೆ ಬರೆದ ನಿಯಮ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ಅವಳ ಬೆಳಗಿನ ತರಗತಿ ಹೋಗಬಹುದು. ಬೇರೆಯದನ್ನು ಹೇಳಿದರೆ ಈ ವಾರವೆಲ್ಲ ಅವಳು ಪಟ್ಟದ್ದು ಯಾತಕ್ಕೆ?

“ನನಗೆ ಹೇಳಕ್ಕೆ ಆಗ್ತಿಲ್ಲ ಕಣಮ್ಮ,” ಎಂದೆ.

“ನೀವೇ ಬರೆದಿದ್ದು ಸಾರ್, ನೋಡಿದ್ದು ಬರೀರಿ ಅಂತ.”

“ಹೌದು.”

“ಹಂಗಾದ್ರೆ ಕೇಳಿದ್ದೇ ತಪ್ಪು ಬುಡಿ,” ಎಂದು ತಿರುಗಿ ಓಡಿದಳು.

ಗೋಡೆಯ ಗಡಿಯಾರದ ಕೆಳಗೆ ನಾವಿಬ್ಬರೂ ಕೂತಿದ್ದೆವು. ರತ್ನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಆಮೇಲೆ ಲ್ಯಾಬಿನಿಂದ ಶೋಭಾಳ ಕೂಗು ಕೇಳಿತು. ಸಂತೋಷದ್ದೋ ಬೇರೆಯದೋ ತಿಳಿಯಲಿಲ್ಲ. ನಾಗವೇಣಿ ಬಾಗಿಲಿಗೆ ಬಂದಳು.

“ಆರು ಗಂಟೆ ಅಂತಲೇ ಒತ್ದೆ ಸಾರ್. ಹಸಿರು ಬಂತು.”

“ಹೇಗೆ ಬಂತು?”

ಹಿಂದೆಯೇ ಬಂದ ಶೋಭಾ ಹೇಳಿದಳು: “ಅಕ್ಕಪಕ್ಕ ಮನೆ, ಮರ ಅಡ್ಡ ಇರುತ್ತಲ್ಲ ಸಾರ್. ಅದಕ್ಕೆ ಇಪ್ಪತ್ತು ನಿಮಿಷ ಆಚೆ ಈಚೆ ಆದ್ರೂ ತಗೊಳುತ್ತಂತೆ.”

ಇಡೀ ವಾರ ಒಂದು ಗೇಣು ನೆರಳಿಗೆ ಒಂದಿಷ್ಟೂ ಬಗ್ಗದ ಯಂತ್ರ, ಕಾಲು ಗಂಟೆ ತಡವಾಗಿ ಹುಟ್ಟಿದ ಸೂರ್ಯನನ್ನು ಏನೂ ಅನ್ನದೆ ಒಳಗೆ ಬಿಟ್ಟುಕೊಂಡಿತ್ತು. ನನಗೆ ಇದು ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅರ್ಥವಾದರೆ ಒಳ್ಳೆಯದು. ಅಲ್ಲಿಯತನಕ ನಿಮ್ಮ ಪಠ್ಯದ ಯಂತ್ರದಲ್ಲಿ ಯಾವ ಊರಿನ ಹೆಸರಿದೆ ಎಂದು ಒಮ್ಮೆ ನೋಡಿಕೊಳ್ಳಿ, ಕೋಲನ್ನು ಜೂನ್‌ನಲ್ಲೂ ನೆಡಿ.

ಸರೋಜಮ್ಮನವರು ಪಟ್ಟಿಯ ಕೊನೆಯಲ್ಲಿ ನಾಗವೇಣಿಯ ಹೆಸರು ಸೇರಿಸಿ ಸಹಿ ಹಾಕಿದರು. ನಾಲ್ಕರ ಗಂಟೆ ಹೊಡೆಯಿತು. ಲ್ಯಾಬಿನಲ್ಲಿ ಶೋಭಾ ಕಂಪ್ಯೂಟರ್ ಆರಿಸಿದ್ದು ಖಚಿತವಾದ ಮೇಲೆ ನಾನು ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡೆ. ಗುಂಯ್ ಎಂದು ಲೈನು ಖಾಲಿ ಇತ್ತು. ರತ್ನಮ್ಮ ಹೇಳಿದ ನಂಬರ್ ಒತ್ತಿ, ಅತ್ತಲಿಂದ ಗಂಡಸಿನ ದನಿ ಬಂದ ಕೂಡಲೇ ಅವರ ಕೈಗೆ ಕೊಟ್ಟೆ.

“ನಾನು ರತ್ನಮ್ಮ ಕಣಪ್ಪ, ಪ್ಯಾಕಿಂಗು. ಇವತ್ತು ಬರಕ್ಕಾಗ್ಲಿಲ್ಲ.” ಆ ಕಡೆಯ ದನಿ ಏರಿತು. ರತ್ನಮ್ಮ ಮಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಯಾಕೆ ಅಂದ್ರೆ ಏನ್ ಹೇಳ್ಲಿ? ಮೋಡ ಆಗಿತ್ತಪ್ಪ. ಸೂರ್ಯ ಬರೋದು ತಡವಾಯ್ತು.”

ರಿಸೀವರನ್ನು ಅವರ ಕೈಯಿಂದ ತೆಗೆದುಕೊಂಡು ಅದರ ಜಾಗದಲ್ಲಿ ಇಟ್ಟೆ.